ಖರ್ಚು ಕಡಿತ: ಉಳಿದದ್ದೆಷ್ಟು, ತೆತ್ತದ್ದೆಷ್ಟು?

ಕೇಂದ್ರ ಹಣಕಾಸು ಸಚಿವಾಲಯ 2014ರ ಅಕ್ಟೋಬರಿನಲ್ಲಿ ಎಲ್ಲ ಇಲಾಖೆಗಳಿಗೂ ಮಿತವ್ಯಯದ ಸೂಚನೆ ಕಳಿಸಿತು. ಯೋಜನೇತರ ವೆಚ್ಚದಲ್ಲಿ ಶೇ 10ರಷ್ಟು ಕಡಿತ ಮಾಡಬೇಕು, ಪಂಚತಾರಾ ಹೋಟೆಲುಗಳಲ್ಲಿ ಸಭೆ ನಡೆಸಬಾರದು, ಅಧಿಕಾರಿಗಳು ವಿಮಾನದ ಪ್ರಥಮ ದರ್ಜೆಯಲ್ಲಿ ಓಡಾಡಬಾರದು, ಹೊಸ ಹುದ್ದೆ ಸೃಷ್ಟಿಸಬಾರದು, ವರ್ಷಕ್ಕೂ ಮೇಲ್ಪಟ್ಟು ಖಾಲಿ ಇರುವ ಹುದ್ದೆಗಳನ್ನು ತೀರಾ ಅನಿವಾರ್ಯವಲ್ಲದೆ ತುಂಬಬಾರದು ಎಂಬುದು ಅದರ ಸಾರ. ಇಂಥ ಸೂಚನೆಗಳು ಅದಕ್ಕೆ ಮುಂಚೆಯೂ ಬಂದಿದ್ದವು, ಆಮೇಲೂ ಬಂದಿವೆ. ಖಾಸಗಿ ಕಂಪನಿಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಆಸ್ಪತ್ರೆ ಕಾಲೇಜುಗಳಲ್ಲಿ ಹೊರಡುವ ಸುತ್ತೋಲೆಗಳ ಧಾಟಿಯೂ ಹೆಚ್ಚುಕಮ್ಮಿ ಇದೇ.

ಈ ಸೂಚನೆಯಲ್ಲಿ ಎರಡು ಬೇರೆ ಬೇರೆ ಜಾತಿಯ ಕಡಿತಗಳು ಒಂದೇ ಹಾಳೆಯ ಮೇಲೆ ಕೂತಿವೆ. ಪಂಚತಾರಾ ಹೋಟೆಲಿನ ಊಟ ಬಿಟ್ಟರೆ ಸಭೆಗೆ ಏನೂ ಕೊರತೆಯಾಗುವುದಿಲ್ಲ. ಸರ್ಕಾರಿ ಕಟ್ಟಡದ ಸಭಾಂಗಣದಲ್ಲಿ ಅದೇ ಸಭೆ ಅದೇ ತೀರ್ಮಾನಕ್ಕೆ ಬರುತ್ತದೆ. ಖಾಲಿ ಹುದ್ದೆ ತುಂಬದೆ ಬಿಟ್ಟರೆ ಮಾತ್ರ ಹಾಗಾಗುವುದಿಲ್ಲ. ಆ ಹುದ್ದೆಯಲ್ಲಿದ್ದವರು ಮಾಡುತ್ತಿದ್ದ ಕೆಲಸ ಅಲ್ಲೇ ಇರುತ್ತದೆ. ಅದನ್ನು ಇನ್ನೊಬ್ಬರು ತಮ್ಮ ಕೆಲಸದ ಜೊತೆಗೆ ಹೊರಬೇಕು, ಇಲ್ಲವೇ ಅದು ನಿಂತೇ ಹೋಗಬೇಕು. ಲೆಕ್ಕಪತ್ರದಲ್ಲಿ ಎರಡಕ್ಕೂ ಒಂದೇ ಹೆಸರು, ಉಳಿತಾಯ. ಸಂಸ್ಥೆಗಳು ಖರ್ಚು ಕಡಿತ ಮಾಡಿದಾಗ ಒಟ್ಟಾರೆ ಹಣ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಇಷ್ಟು ವರ್ಷವಾದರೂ ಗೊಂದಲದ ಉತ್ತರಗಳೇ ಸಿಗುತ್ತಿರುವುದಕ್ಕೆ ಈ ಕಲಬೆರಕೆಯೇ ಮುಖ್ಯ ಕಾರಣ ಎಂದು ನಾನು ನಂಬುತ್ತೇನೆ.

ಲೆಕ್ಕ ಬರೆಯುವ ಪದ್ಧತಿಯೂ ಇದಕ್ಕೆ ನೆರವಾಗುತ್ತದೆ. ಉಳಿತಾಯ ಈ ವರ್ಷದ ಒಂದು ಲೆಕ್ಕ ಶೀರ್ಷಿಕೆಯಡಿ ಸ್ಪಷ್ಟ ಅಂಕಿಯಾಗಿ ಕಾಣಿಸುತ್ತದೆ. ಅದರಿಂದ ಹುಟ್ಟುವ ಖರ್ಚು ಎರಡು ವರ್ಷ ಬಿಟ್ಟು, ಬೇರೆ ಶೀರ್ಷಿಕೆಯಡಿ, ಬಹಳ ಸಲ ಬೇರೆ ಇಲಾಖೆಯಲ್ಲಿ ಏಳುತ್ತದೆ. ಆ ಹೊತ್ತಿಗೆ ಕಡಿತ ಮಾಡಿದ ಅಧಿಕಾರಿಗೆ ಬಡ್ತಿಯೋ ವರ್ಗಾವಣೆಯೋ ಆಗಿರುತ್ತದೆ. ಜನ ಸರದಿಯಲ್ಲಿ ನಿಂತ ಗಂಟೆಗಳು, ಒಂದು ಸಹಿಗಾಗಿ ಮೂರು ಸಲ ತಾಲ್ಲೂಕು ಕಚೇರಿಗೆ ಬಂದ ರೈತನ ಬಸ್ ಚಾರ್ಜು ಯಾವ ಶೀರ್ಷಿಕೆಯಡಿಯೂ ಬರುವುದಿಲ್ಲ. ಕರ್ನಾಟಕ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಬಿದ್ದಿವೆ. ಸಂಬಳದ ಬಾಬ್ತಿನಲ್ಲಿ ಅದು ದೊಡ್ಡ ಉಳಿತಾಯ. ಆದರೆ ಪ್ರತಿ ಜೂನ್‌ನಲ್ಲಿ ಅತಿಥಿ ಶಿಕ್ಷಕರಿಗಾಗಿ ಹುಡುಕಾಟ, ಅತಿಥಿ ಉಪನ್ಯಾಸಕರ ಮುಷ್ಕರ, ಮಧ್ಯದಲ್ಲೇ ಕಳೆದುಹೋದ ಪಾಠದ ವಾರಗಳು ಈ ಉಳಿತಾಯದ ಎದುರಿಗೆ ಎಂದೂ ದಾಖಲಾಗುವುದಿಲ್ಲ.

ಮೊದಲು ಜನರನ್ನು ತೆಗೆಯುವ ಕಡಿತವನ್ನೇ ನೋಡೋಣ, ಏಕೆಂದರೆ ಅತಿ ಹೆಚ್ಚು ಅಧ್ಯಯನ ನಡೆದಿರುವುದು ಇದರ ಮೇಲೆ. ಕೊಲರಾಡೊ ವಿಶ್ವವಿದ್ಯಾಲಯದ ವೇಯ್ನ್ ಕ್ಯಾಸ್ಕಿಯೊ ಅಮೆರಿಕದ ಎಸ್ ಆ್ಯಂಡ್ ಪಿ 500 ಪಟ್ಟಿಯ ಕಂಪನಿಗಳ 1982ರಿಂದ 2000ದವರೆಗಿನ ಲೆಕ್ಕಗಳನ್ನು ತೆಗೆದು ನೋಡಿದರು. ನೌಕರರನ್ನು ಭಾರಿ ಸಂಖ್ಯೆಯಲ್ಲಿ ತೆಗೆದ ಕಂಪನಿಗಳು, ತೆಗೆಯದ ಕಂಪನಿಗಳಿಗಿಂತ ನಂತರದ ವರ್ಷಗಳಲ್ಲಿ ಹೆಚ್ಚು ಲಾಭ ಗಳಿಸಿದ್ದು ಅವರಿಗೆ ಕಾಣಲಿಲ್ಲ. ಚಾರ್ಲಿ ಟ್ರೆವರ್ ಮತ್ತು ಆಂಥೊನಿ ನೈಬರ್ಗ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪನಿಯೊಂದು ನೂರಕ್ಕೆ ಒಬ್ಬರನ್ನು ತೆಗೆದರೂ ಸಾಕು, ಮುಂದಿನ ವರ್ಷ ತಾವಾಗಿ ರಾಜೀನಾಮೆ ಕೊಡುವವರ ಪ್ರಮಾಣ ಶೇ 31ರಷ್ಟು ಏರುತ್ತದೆ ಎಂದು ಅದು ತೋರಿಸಿತು. ಇಲ್ಲಿ ಗಮನಿಸಬೇಕಾದದ್ದು ಬಿಟ್ಟುಹೋಗುವವರು ಯಾರು ಎಂಬುದನ್ನು. ಬೇರೆ ಕಡೆ ಕೆಲಸ ಸಿಗುವವರು, ಅಂದರೆ ಕೆಲಸ ಬಲ್ಲವರು, ಮೊದಲು ಎದ್ದು ಹೋಗುತ್ತಾರೆ. ಅವರ ಜಾಗಕ್ಕೆ ಹೊಸಬರನ್ನು ಹುಡುಕಿ, ಕಲಿಸಿ, ತಪ್ಪುಗಳನ್ನು ತಿದ್ದಿ ತಯಾರು ಮಾಡುವ ಖರ್ಚು ‘ಉಳಿತಾಯ’ದ ಬೆನ್ನಿಗೇ ಬರುತ್ತದೆ.

ಅಮೆರಿಕದ ಸರ್ಕಿಟ್ ಸಿಟಿ ಎಂಬ ಎಲೆಕ್ಟ್ರಾನಿಕ್ ಸರಕಿನ ಮಳಿಗೆಗಳ ಸರಪಳಿ 2007ರ ಮಾರ್ಚ್‌ನಲ್ಲಿ ಸುಮಾರು 3,400 ಮಾರಾಟಗಾರರನ್ನು ಒಟ್ಟಿಗೆ ಮನೆಗೆ ಕಳಿಸಿತು. ಅವರ ಸಂಬಳ ಸ್ಥಳೀಯ ಮಾರುಕಟ್ಟೆ ದರಕ್ಕಿಂತ ಹೆಚ್ಚಾಗಿದೆ, ಅದೇ ಕೆಲಸಕ್ಕೆ ಕಡಿಮೆ ಸಂಬಳದವರು ಸಿಗುತ್ತಾರೆ ಎಂಬುದು ಕಂಪನಿ ಕೊಟ್ಟ ಕಾರಣ. ಹೆಚ್ಚು ಸಂಬಳದವರು ಎಂದರೆ ಹೆಚ್ಚು ವರ್ಷ ಅಲ್ಲೇ ದುಡಿದವರು. ಯಾವ ಟಿವಿ ಯಾರ ಮನೆಗೆ ಸರಿಹೋಗುತ್ತದೆ ಎಂದು ಗಿರಾಕಿಗೆ ತಾಳ್ಮೆಯಿಂದ ಹೇಳಬಲ್ಲವರು ಅವರೇ. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರಲ್ಲಿ ಕೊನೆಯ ಮಳಿಗೆಯೂ ಮುಚ್ಚಿತು. ಆ ಹೊತ್ತಿನ ಜಾಗತಿಕ ಹಣಕಾಸು ಕುಸಿತವೂ ಅದಕ್ಕೆ ಕಾರಣವಾಗಿತ್ತು ನಿಜ. ಆದರೆ ಅದೇ ಕುಸಿತದ ನಡುವೆ ಅದರ ಮುಖ್ಯ ಎದುರಾಳಿ ಬೆಸ್ಟ್ ಬೈ ಬದುಕಿ ಉಳಿಯಿತು.

ಇದಕ್ಕೆ ತದ್ವಿರುದ್ಧವಾದ ಪ್ರಯೋಗ ಒಂದು ಶತಮಾನದ ಹಿಂದೆಯೇ ನಡೆದಿತ್ತು. 1913ರಲ್ಲಿ ಹೆನ್ರಿ ಫೋರ್ಡ್‌ನ ಕಾರ್ಖಾನೆಯಲ್ಲಿ ಸುಮಾರು 14 ಸಾವಿರ ಕೆಲಸಗಾರರು ಬೇಕಿತ್ತು. ಆ ಸಂಖ್ಯೆಯನ್ನು ಕಾಯ್ದುಕೊಳ್ಳಲು ಆ ಒಂದು ವರ್ಷದಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಸಾಗುವ ಪಟ್ಟಿಯ ಮುಂದೆ ನಿಂತು ಒಂದೇ ಬೋಲ್ಟನ್ನು ದಿನವಿಡೀ ತಿರುಗಿಸುವ ಕೆಲಸದಿಂದ ಬೇಸತ್ತು ಜನ ವಾರದೊಳಗೆ ಓಡಿಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿ 5 ಡಾಲರ್‌ಗೆ ಏರಿಸಿದ, ಪಾಳಿಯನ್ನು ಎಂಟು ಗಂಟೆಗೆ ಇಳಿಸಿದ. ಅವನಿಗೆ ಕಾರ್ಮಿಕರ ಮೇಲಿನ ಅಕ್ಕರೆ ಉಕ್ಕಿ ಹರಿದಿತ್ತೆಂದು ಹೇಳಲಾರೆ. ಆ 5 ಡಾಲರ್ ಪಡೆಯಲು ಕೆಲಸಗಾರರು ತಮ್ಮ ಮನೆಬದುಕಿನ ತಪಾಸಣೆಗೂ ಒಪ್ಪಬೇಕಿತ್ತು. ಆದರೂ ಲೆಕ್ಕ ಅವನ ಕೈಹಿಡಿಯಿತು. ಬಿಟ್ಟುಹೋಗುವವರ ಸಂಖ್ಯೆ ಒಂದೆರಡು ವರ್ಷಗಳಲ್ಲಿ ಪಾತಾಳಕ್ಕಿಳಿಯಿತು, ಗೈರುಹಾಜರಿ ತಗ್ಗಿತು, ಲಾಭ ಏರಿತು. ತಾನು ಮಾಡಿದ ಅತ್ಯುತ್ತಮ ವೆಚ್ಚ ಕಡಿತಗಳಲ್ಲಿ ಈ ಕೂಲಿ ಏರಿಕೆಯೂ ಒಂದು ಎಂದು ಫೋರ್ಡ್ ಮುಂದೆ ತನ್ನ ನೆನಪುಗಳಲ್ಲಿ ಬರೆದುಕೊಂಡ.

ನೂರು ವರ್ಷ ಹಳೆಯ ಆ ಪಾಠ ನಮ್ಮ ಕೋಲಾರ ಜಿಲ್ಲೆಯ ನರಸಾಪುರದವರೆಗೂ ಬಂದು ಮುಟ್ಟಲಿಲ್ಲ. ಆ್ಯಪಲ್ ಕಂಪನಿಯ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಆಕ್ರೋಶ ಸಿಡಿಯಿತು. ಗಾಜು ಪುಡಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ಅಂದಿನ ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ನಂತರ ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಒಳಹೊಕ್ಕು ನೋಡಿದಾಗ ಕಂಡದ್ದನ್ನು ಪ್ರತಿಯೊಬ್ಬ ಉದ್ಯಮಿಯೂ ಓದಬೇಕು. ಅಲ್ಪ ಕಾಲದಲ್ಲಿ ಕೆಲಸಗಾರರ ಸಂಖ್ಯೆ ಐದು ಸಾವಿರದಿಂದ ಹತ್ತು ಸಾವಿರದ ಆಚೆಗೆ ಜಿಗಿದಿತ್ತು. ಅವರಲ್ಲಿ ಕಾಯಂ ನೌಕರರು ಸಾವಿರದ ಮುನ್ನೂರರ ಆಸುಪಾಸು. ಎಂಟು ಸಾವಿರಕ್ಕೂ ಹೆಚ್ಚು ಜನ ಹಲವು ಗುತ್ತಿಗೆದಾರರ ಮೂಲಕ ಬಂದವರು. ಎಂಟು ಗಂಟೆಯ ಪಾಳಿ ಅಕ್ಟೋಬರ್‌ನಿಂದ ಹನ್ನೆರಡು ಗಂಟೆಯದಾಯಿತು. ಅದೇ ಹೊತ್ತಿಗೆ ಹೊಸ ಹಾಜರಾತಿ ವ್ಯವಸ್ಥೆ ಕೈಕೊಟ್ಟು, ಯಾರು ಎಷ್ಟು ದಿನ, ಎಷ್ಟು ಗಂಟೆ ದುಡಿದರು ಎಂಬ ಲೆಕ್ಕವೇ ತಪ್ಪಿತು. ಓವರ್‌ಟೈಮ್ ದುಡ್ಡು ಬರಲಿಲ್ಲ. ಮಾತು ಕೊಟ್ಟ ಸಂಬಳಕ್ಕೂ ಖಾತೆಗೆ ಬಿದ್ದ ಮೊತ್ತಕ್ಕೂ ತಾಳೆಯಾಗದೆ ಹುಡುಗರು, ಹುಡುಗಿಯರು ಮೊಬೈಲ್ ಹಿಡಿದು ಒಬ್ಬರಿಗೊಬ್ಬರು ಬ್ಯಾಂಕಿನ ಸಂದೇಶ ತೋರಿಸಿಕೊಂಡರು. ದೂರು ಹೇಳಲು ಹೋದರೆ ಕೇಳಿಸಿಕೊಳ್ಳುವವರು ಯಾರು? ಕೆಲಸಗಾರರ ಸಂಖ್ಯೆ ಇಮ್ಮಡಿಯಾದರೂ ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿಯನ್ನು ಮಾನವ ಸಂಪನ್ಮೂಲ ವಿಭಾಗಕ್ಕೆ ತಕ್ಕಷ್ಟು ಕೊಟ್ಟಿರಲಿಲ್ಲ ಎಂದು ವರದಿ ಹೇಳಿತು.

ಗುತ್ತಿಗೆ ಕಾರ್ಮಿಕರಿಂದ ಸಂಬಳದಲ್ಲಿ ಉಳಿತಾಯ, ಸಿಬ್ಬಂದಿ ವಿಭಾಗದಲ್ಲಿ ಕೆಲವರ ಉಳಿತಾಯ. ಇವೆರಡೂ ಸೇರಿ ಏನಾಯಿತು ನೋಡಿ. ಕಂಪನಿ ಪೊಲೀಸರಿಗೆ ಕೊಟ್ಟ ಮೊದಲ ದೂರಿನಲ್ಲಿ 437 ಕೋಟಿ ರೂಪಾಯಿ ನಷ್ಟವೆಂದು ಬರೆದಿತ್ತು. ಆಮೇಲೆ ತೈವಾನಿನ ಷೇರುಪೇಟೆಗೆ ತಿಳಿಸಿದ ಅಂದಾಜು 26ರಿಂದ 52 ಕೋಟಿ. ಸಣ್ಣ ಅಂಕಿಯನ್ನೇ ಹಿಡಿಯೋಣ. ಅದರ ಜೊತೆಗೆ ವಾರಗಟ್ಟಲೆ ಉತ್ಪಾದನೆ ನಿಂತಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಬದಲಿಸಬೇಕಾಯಿತು, ಸುಧಾರಣೆಯಾಗುವ ತನಕ ಹೊಸ ವ್ಯವಹಾರ ಕೊಡುವುದಿಲ್ಲವೆಂದು ಆ್ಯಪಲ್ ಹೇಳಿತು. ಕಂಪನಿ ತನ್ನ ಕೆಲಸಗಾರರ ಕ್ಷಮೆಯನ್ನೂ ಕೇಳಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಲೆಕ್ಕಕ್ಕೇ.

ಹಾಗೆಂದು ನೌಕರರ ಸಂಖ್ಯೆ ಇಳಿಸಿದ್ದೆಲ್ಲ ನಷ್ಟ ಎಂದು ತೀರ್ಪು ಕೊಡುವುದೂ ಸರಿಯಲ್ಲ. ಬಿಎಸ್‌ಎನ್‌ಎಲ್ ಉದಾಹರಣೆ ಇಲ್ಲಿ ನಮ್ಮನ್ನು ಎಚ್ಚರಿಸುತ್ತದೆ. 2020ರ ಜನವರಿ 31ರಂದು, ಒಂದೇ ದಿನ, ಆ ಸಂಸ್ಥೆಯ 78,569 ನೌಕರರು ಸ್ವಯಂ ನಿವೃತ್ತಿ ಪಡೆದು ಹೊರಬಂದರು. ಒಟ್ಟು ಸಿಬ್ಬಂದಿಯ ಅರ್ಧಭಾಗ ಅದು. ಬರುವ ಆದಾಯದ ಬಹುಪಾಲು ಸಂಬಳಕ್ಕೇ ಹೋಗುತ್ತಿದ್ದ ಸಂಸ್ಥೆಗೆ ವರ್ಷಕ್ಕೆ ಸುಮಾರು ಏಳು ಸಾವಿರ ಕೋಟಿ ರೂಪಾಯಿ ಹೊರೆ ಇಳಿಯಿತು. ಈ ಉಳಿತಾಯ ನಿಜವಾದದ್ದು, ಅದಿಲ್ಲದೆ ಸಂಸ್ಥೆ ಉಳಿಯುತ್ತಿತ್ತೆಂದು ನನಗನ್ನಿಸುವುದಿಲ್ಲ. ಆದರೆ ಇನ್ನೊಂದು ಪಕ್ಕವೂ ಇದೆ. ನಿವೃತ್ತಿ ಪರಿಹಾರಕ್ಕೆಂದು ಸರ್ಕಾರದ ಬೊಕ್ಕಸ 17 ಸಾವಿರ ಕೋಟಿಗೂ ಮೇಲ್ಪಟ್ಟು ಎತ್ತಿಡಬೇಕಾಯಿತು. ಯೋಜನೆ ಅನ್ವಯಿಸಿದ್ದು 50 ವರ್ಷ ದಾಟಿದವರಿಗೆ. ಊರಿನ ಯಾವ ರಸ್ತೆಯ ಯಾವ ಬದಿಯಲ್ಲಿ, ಎಷ್ಟು ಆಳದಲ್ಲಿ ಕೇಬಲ್ ಹೋಗಿದೆ, ಯಾವ ಕಂಬದ ಪೆಟ್ಟಿಗೆಯಲ್ಲಿ ಮಳೆ ಬಂದಾಗ ನೀರು ಇಳಿಯುತ್ತದೆ ಎಂದು ನಕ್ಷೆ ನೋಡದೆ ಹೇಳುತ್ತಿದ್ದ ಲೈನ್‌ಮನ್‌ಗಳು ಆ ವಯಸ್ಸಿನವರೇ. ಅವರು ಹೋದ ಮೇಲೆ ದುರಸ್ತಿಯ ಕೆಲಸ ಹೊರಗುತ್ತಿಗೆಗೆ ಹೋಯಿತು. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಸತ್ತ ಸ್ಥಿರದೂರವಾಣಿ ಮತ್ತೆ ಎದ್ದೇಳಲಿಲ್ಲ. 2024ರ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ ಸಂಸ್ಥೆ 262 ಕೋಟಿ ಲಾಭ ತೋರಿಸಿತು, 2007ರ ನಂತರ ಮೊದಲ ಸಲ. ಆದರೆ ಆ ಹಣಕಾಸು ವರ್ಷ ಮುಗಿದಾಗ ಒಟ್ಟಾರೆ ನಷ್ಟವೇ ಉಳಿಯಿತು. ಈ ನಡುವೆ ಮೂರು ಪುನಶ್ಚೇತನ ಪ್ಯಾಕೇಜುಗಳಲ್ಲಿ ಸರ್ಕಾರ ಮಂಜೂರು ಮಾಡಿದ ಮೊತ್ತ ಮೂರು ಲಕ್ಷ ಕೋಟಿ ದಾಟಿದೆ. ಸಂಬಳ ಕಡಿತ ಸಂಸ್ಥೆಗೆ ಉಸಿರು ಕೊಟ್ಟಿತು, ಮತ್ತೆ ನಿಲ್ಲಿಸಿದ್ದು ಮಾತ್ರ ಹೊಸ ಬಂಡವಾಳ ಎಂದೇ ನಾನು ಓದಿಕೊಳ್ಳುತ್ತೇನೆ.

ಸುರಕ್ಷತೆ ಮತ್ತು ದುರಸ್ತಿಯ ಮೇಲಿನ ಕಡಿತದ ವಿಷಯದಲ್ಲಿ ಇಷ್ಟು ಅನುಮಾನಕ್ಕೂ ಜಾಗವಿಲ್ಲ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ನಷ್ಟದಲ್ಲಿತ್ತು; ಕೀಟನಾಶಕಕ್ಕೆ ನಿರೀಕ್ಷಿಸಿದ ಬೇಡಿಕೆ ಬರಲಿಲ್ಲ. ಒಂದೊಂದಾಗಿ ಖರ್ಚು ಇಳಿಸುತ್ತ ಹೋದರು. ಮೀಥೈಲ್ ಐಸೊಸಯನೇಟ್ ಘಟಕದಲ್ಲಿ ಪಾಳಿಗೆ 12 ಜನರಿದ್ದದ್ದು 6ಕ್ಕೆ ಇಳಿಯಿತು. ತರಬೇತಿಯ ಅವಧಿ ಮೊಟಕಾಯಿತು. ಆ ದ್ರವವನ್ನು ಸೊನ್ನೆ ಡಿಗ್ರಿಯ ಹತ್ತಿರ ತಣ್ಣಗಿಡಲು ಒಂದು ಶೈತ್ಯ ಯಂತ್ರವಿತ್ತು. 1984ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿ, ಒಳಗಿದ್ದ ಶೀತಕವನ್ನು ಕಾರ್ಖಾನೆಯ ಬೇರೆ ಉಪಯೋಗಕ್ಕೆ ತೆಗೆದುಕೊಂಡರು. ಅದರಿಂದ ದಿನಕ್ಕೆ ಉಳಿದದ್ದು ಕೆಲವು ನೂರು ರೂಪಾಯಿ ಎಂದು ನಂತರದ ಅಂದಾಜುಗಳು ಹೇಳುತ್ತವೆ. ಸೋರಿದ ಅನಿಲವನ್ನು ಸುಡುವ ಗೋಪುರದ ಕೊಳವೆ ತುಕ್ಕು ಹಿಡಿದಿತ್ತು. ದುರಸ್ತಿಗೆಂದು ಬಿಚ್ಚಿದ್ದನ್ನು ಮತ್ತೆ ಜೋಡಿಸಿರಲಿಲ್ಲ. ಡಿಸೆಂಬರ್ 2ರ ರಾತ್ರಿ 610ನೇ ತೊಟ್ಟಿಗೆ ನೀರು ಹೊಕ್ಕು ಸುಮಾರು 40 ಟನ್ ವಿಷಾನಿಲ ಮಲಗಿದ್ದ ಊರಿನ ಮೇಲೆ ಹರಿಯಿತು. ಯಾರೋ ಬೇಕೆಂದೇ ನೀರು ಬಿಟ್ಟರು ಎಂದು ಕಂಪನಿ ವಾದಿಸಿತು. ನೀರು ಹೇಗೇ ಹೊಕ್ಕಿರಲಿ, ಅನಾಹುತವನ್ನು ತಡೆಯಬೇಕಿದ್ದ ಈ ಎರಡು ಕಾವಲುಗಳು ಆ ರಾತ್ರಿ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದವು ಎಂಬುದರಲ್ಲಿ ವಿವಾದವಿಲ್ಲ. ಸಾವಿರಾರು ಜನ ಸತ್ತರು. 1989ರಲ್ಲಿ ಕಂಪನಿ 47 ಕೋಟಿ ಡಾಲರ್ ಕೊಟ್ಟು ಕೈತೊಳೆದುಕೊಂಡಿತು. ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. ಅಂಗಳದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು 40 ವರ್ಷದ ನಂತರ, 2025ರಲ್ಲಿ, ಪೀಥಂಪುರಕ್ಕೆ ಸಾಗಿಸಿ ಸುಡಲಾಯಿತು. ಅದರ ಖರ್ಚು ಬಂದದ್ದು ತೆರಿಗೆದಾರರ ಹಣದಿಂದ.

ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದ್ದೂ ಇದೇ ಬಗೆಯ ಕಥೆ. ಸಾಲದಲ್ಲಿ ಮುಳುಗಿದ್ದ ನಗರಸಭೆಯ ಆಡಳಿತವನ್ನು ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿ ನಡೆಸುತ್ತಿದ್ದ ಕಾಲ. ಎರಡು ವರ್ಷದಲ್ಲಿ ಸುಮಾರು 50 ಲಕ್ಷ ಡಾಲರ್ ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನ ನೀರು ಬಿಟ್ಟು ಫ್ಲಿಂಟ್ ನದಿಯ ನೀರನ್ನು ನಲ್ಲಿಗೆ ಹರಿಸಿದರು. ಹಳೆಯ ಸೀಸದ ಕೊಳವೆಗಳು ಕರಗದಂತೆ ನೀರಿಗೆ ಬೆರೆಸಬೇಕಾದ ಫಾಸ್ಫೇಟನ್ನು ಬೆರೆಸಲಿಲ್ಲ. ಅದಕ್ಕೆ ದಿನಕ್ಕೆ ನೂರು ಡಾಲರ್‌ನಷ್ಟು ಸಾಕಿತ್ತು ಎನ್ನುತ್ತಾರೆ. ಆರು ತಿಂಗಳಲ್ಲಿ ಜನರಲ್ ಮೋಟಾರ್ಸ್ ಕಂಪನಿ, ತನ್ನ ಎಂಜಿನ್ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಆ ನೀರನ್ನು ನಿಲ್ಲಿಸಿಬಿಟ್ಟಿತು. ಮಕ್ಕಳು ಮಾತ್ರ ಇನ್ನೂ ಒಂದು ವರ್ಷ ಅದನ್ನೇ ಕುಡಿದರು. ಇದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕೊನೆಗೆ ಸಂತ್ರಸ್ತರಿಗೆ ಒಪ್ಪಿದ ಪರಿಹಾರವೇ 62.6 ಕೋಟಿ ಡಾಲರ್. ಕೊಳವೆ ಬದಲಿಸಿದ ಖರ್ಚು ಅದಕ್ಕೆ ಸೇರಿಲ್ಲ. ಸೀಸ ಹೊಕ್ಕ ಮಕ್ಕಳ ಮಿದುಳಿಗೆ ಆದ ಹಾನಿಗೆ ಯಾರೂ ಬೆಲೆ ಕಟ್ಟಲಾರರು.

ಲಂಡನ್ನಿನ ಗ್ರೆನ್‌ಫೆಲ್ ಗೋಪುರದ ನವೀಕರಣದಲ್ಲಿ ಹೊರಹೊದಿಕೆಯ ಸಾಮಗ್ರಿ ಬದಲಿಸಿ ಉಳಿಸಿದ್ದು ಸುಮಾರು 2 ಲಕ್ಷ 93 ಸಾವಿರ ಪೌಂಡ್. 2017ರ ಜೂನ್‌ನಲ್ಲಿ ಆ ಹೊದಿಕೆಯೇ ಹೊತ್ತಿಕೊಂಡು 72 ಜನ ಸತ್ತರು. ಬೋಯಿಂಗ್ ತನ್ನ 737 ಮ್ಯಾಕ್ಸ್ ವಿಮಾನಕ್ಕೆ ಪೈಲಟ್‌ಗಳು ಹೊಸದಾಗಿ ಸಿಮ್ಯುಲೇಟರ್ ತರಬೇತಿ ಪಡೆಯುವ ಅಗತ್ಯ ಬೀಳದಂತೆ ನೋಡಿಕೊಳ್ಳಲು ಹಟ ಹಿಡಿಯಿತು. 2018 ಮತ್ತು 2019ರ ಎರಡು ದುರಂತಗಳಲ್ಲಿ 346 ಜನ ತೀರಿಕೊಂಡರು, ಕಂಪನಿಗೆ ತಗುಲಿದ ವೆಚ್ಚ 2,000 ಕೋಟಿ ಡಾಲರ್ ಮೀರಿತು. ಅದೇ ಬೋಯಿಂಗ್, ವಿಮಾನದ ಒಡಲು ತಯಾರಿಸುವ ವಿಚಿಟಾ ಘಟಕವನ್ನು 2005ರಲ್ಲಿ ವೆಚ್ಚ ಇಳಿಸಲು ಸುಮಾರು 90 ಕೋಟಿ ಡಾಲರ್ ನಗದಿಗೆ ಮಾರಿತ್ತು. ಗುಣಮಟ್ಟ ಕುಸಿದು ಪೆಟ್ಟು ತಿಂದ ಮೇಲೆ 2024ರಲ್ಲಿ ಅದನ್ನು 470 ಕೋಟಿ ಡಾಲರ್‌ಗೆ ಮರಳಿ ಕೊಳ್ಳಲು ಒಪ್ಪಿತು.

ನಮ್ಮಲ್ಲಿ ದುರಸ್ತಿ ಬಿಟ್ಟದ್ದನ್ನು ಕಡಿತ ಎಂದು ಯಾರೂ ಬರೆಯುವುದಿಲ್ಲ, ಮುಂದೂಡಿಕೆ ಎನ್ನುತ್ತಾರೆ. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳು ಅಣೆಕಟ್ಟೆಯಷ್ಟೇ ಹಳೆಯವಾಗಿದ್ದವು, ಏಳು ದಶಕ ಸವೆಸಿದಂಥವು. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ಗೇಟಿನ ಮುಂದೆ ಇಳಿಸಿ ನೀರು ತಡೆಯುವ ಸ್ಟಾಪ್‌ಲಾಗ್ ಅಲ್ಲಿ ಸಿದ್ಧವಿರಲಿಲ್ಲ. ಒತ್ತಡ ತಗ್ಗಿಸಲು ಎಲ್ಲ ಗೇಟು ತೆರೆದು ಹತ್ತಾರು ಟಿಎಂಸಿ ನೀರನ್ನು ನದಿಗೆ ಬಿಟ್ಟರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ, ನೀರು ಹರಿಯುತ್ತಿರುವಾಗಲೇ, ಹೊಸ ಸ್ಟಾಪ್‌ಲಾಗ್ ಕೂರಿಸಿದ್ದು ದೊಡ್ಡ ಸಾಹಸ. ಮಳೆ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು. ಆದರೂ ಮರುವರ್ಷ ಸುರಕ್ಷತೆಯ ದೃಷ್ಟಿಯಿಂದ 80 ಟಿಎಂಸಿಗಷ್ಟೇ ಸಂಗ್ರಹ ಸೀಮಿತವಾಯಿತು, ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಗದ್ದೆಗಳಲ್ಲಿ ಬೆಳೆಯದೇ ಹೋದ ಭತ್ತವನ್ನು ಗೇಟಿನ ಬಾಬ್ತಿಗೆ ಸೇರಿಸಿ ನೋಡಿದರೆ ಆಗ ಮುಂದೂಡಿಕೆಯ ನಿಜವಾದ ದರ ತಿಳಿಯುತ್ತದೆ.

ಕಡಿತದ ಒತ್ತಡ ಇನ್ನೊಂದು ಕೆಡುಕನ್ನೂ ತರುತ್ತದೆ. ಗುರಿ ಮುಟ್ಟಲಾಗದವರು ಉಳಿತಾಯವನ್ನು ಕಾಗದದ ಮೇಲೆ ಹುಟ್ಟಿಸುತ್ತಾರೆ. 2015ರಲ್ಲಿ ಒಂದಾದ ಕ್ರಾಫ್ಟ್ ಹೈಂಜ್ ಎಂಬ ಆಹಾರ ಕಂಪನಿ, ಪ್ರತಿ ಖರ್ಚನ್ನೂ ಪ್ರತಿ ವರ್ಷ ಸೊನ್ನೆಯಿಂದ ಸಮರ್ಥಿಸಬೇಕೆಂಬ ಕಟ್ಟುನಿಟ್ಟಿಗೆ ಹೆಸರಾಗಿತ್ತು. ಷೇರುಪೇಟೆ ಕೊಂಡಾಡಿತು. 2019ರಲ್ಲಿ ತನ್ನ ಬ್ರ್ಯಾಂಡುಗಳ ಮೌಲ್ಯದಿಂದ 1,540 ಕೋಟಿ ಡಾಲರ್ ಕಳೆದು ಬರೆಯಬೇಕಾಯಿತು. ಆಮೇಲೆ ಅಮೆರಿಕದ ಷೇರು ನಿಯಂತ್ರಣ ಆಯೋಗ ನಡೆಸಿದ ತನಿಖೆಯಲ್ಲಿ, ಸರಕು ಖರೀದಿ ವಿಭಾಗದಲ್ಲಿ ಮುಂದಿನ ವರ್ಷಗಳ ರಿಯಾಯಿತಿಗಳನ್ನು ಮುಂಚೆಯೇ ಉಳಿತಾಯವೆಂದು ತೋರಿಸಿದ್ದು ಹೊರಬಿತ್ತು. 2021ರಲ್ಲಿ ಕಂಪನಿ 6.2 ಕೋಟಿ ಡಾಲರ್ ದಂಡ ತೆತ್ತಿತು.

ಹಾಗಾದರೆ ನಿಜವಾಗಿ ಹಣ ಉಳಿಸಿದವರು ಇಲ್ಲವೇ? ಇದ್ದಾರೆ, ನಮ್ಮ ನೆರೆಯಲ್ಲೇ ಇದ್ದಾರೆ. ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ಇಂದಿಗೂ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ಉಚಿತವಾಗಿ ಅಥವಾ ರಿಯಾಯಿತಿ ದರದಲ್ಲಿ ಚಿಕಿತ್ಸೆ ಕೊಟ್ಟೂ ತನ್ನ ಕಾಲ ಮೇಲೆ ನಿಂತಿದೆ. ಅಲ್ಲಿನ ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ಒಬ್ಬ ವೈದ್ಯರಿಗೆ ಎರಡು ಮೇಜು. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ಸಿದ್ಧಗೊಳಿಸಿರುತ್ತಾರೆ. ವೈದ್ಯರು ಮುಗಿಸಿ ಕುರ್ಚಿ ತಿರುಗಿಸಿದರೆ ಸಾಕು, ಸೂಕ್ಷ್ಮದರ್ಶಕ ಆ ಕಡೆಗೆ ವಾಲುತ್ತದೆ, ಕೆಲಸ ಶುರುವಾಗುತ್ತದೆ. ಉಳಿದ ತಯಾರಿಯನ್ನೆಲ್ಲ ಹಳ್ಳಿಗಳಿಂದ ಬಂದು ಅಲ್ಲೇ ತರಬೇತಿ ಪಡೆದ ಹೆಣ್ಣುಮಕ್ಕಳು ನೋಡಿಕೊಳ್ಳುತ್ತಾರೆ. ಒಬ್ಬ ವೈದ್ಯರು ವರ್ಷಕ್ಕೆ ಎರಡು ಸಾವಿರದಷ್ಟು ಶಸ್ತ್ರಚಿಕಿತ್ಸೆ ಮಾಡಬಲ್ಲರು. ಹೊರದೇಶದಿಂದ ತರಿಸುವ ಕೃತಕ ಮಸೂರದ ಬೆಲೆ ಬಡವರಿಗೆ ಎಟುಕದಿದ್ದಾಗ, 1992ರಲ್ಲಿ ಆರೋಲ್ಯಾಬ್ ಕಟ್ಟಿ ತಾವೇ ತಯಾರಿಸಿ ನೂರಾರು ಡಾಲರಿನ ವಸ್ತುವನ್ನು ಹತ್ತು ಡಾಲರ್ ಆಸುಪಾಸಿಗೆ ತಂದರು. ಇಲ್ಲಿ ಯಾರ ಕೆಲಸವನ್ನೂ ಕಿತ್ತುಕೊಳ್ಳಲಿಲ್ಲ, ಯಾವ ಸುರಕ್ಷತೆಯನ್ನೂ ಬಿಡಲಿಲ್ಲ. ವೈದ್ಯರ ಕೈ ಖಾಲಿ ಇರುತ್ತಿದ್ದ ನಿಮಿಷಗಳನ್ನು ಹುಡುಕಿ ತೆಗೆದರು. ಬೆಂಗಳೂರಿನ ನಾರಾಯಣ ಹೃದಯಾಲಯ ಹೃದಯದ ಶಸ್ತ್ರಚಿಕಿತ್ಸೆಯನ್ನು ಅಗ್ಗವಾಗಿಸಿದ್ದೂ ಹೆಚ್ಚು ಸಂಖ್ಯೆ ಮತ್ತು ದಿನದಿನದ ಲೆಕ್ಕದ ಶಿಸ್ತಿನಿಂದಲೇ. ಹಿಂದಿನ ದಿನದ ಆದಾಯ ವೆಚ್ಚದ ವಿವರ ವೈದ್ಯರ ಮೊಬೈಲಿಗೇ ಬರುವ ವ್ಯವಸ್ಥೆ ಅಲ್ಲಿತ್ತು.

ಇನ್ಫೊಸಿಸ್ ತನ್ನ ಹೈದರಾಬಾದ್ ಆವರಣದ ಒಂದು ಕಟ್ಟಡವನ್ನು ಸರಿಸಮಾನ ಎರಡು ಭಾಗವಾಗಿ ಕಟ್ಟಿ, ಒಂದಕ್ಕೆ ಮಾಮೂಲಿ ಹವಾನಿಯಂತ್ರಣ, ಇನ್ನೊಂದಕ್ಕೆ ಕಾಂಕ್ರೀಟಿನೊಳಗೆ ತಣ್ಣೀರು ಹರಿಸಿ ತಂಪು ಮಾಡುವ ವಿಧಾನ ಅಳವಡಿಸಿತು. ಎರಡನೆಯದು ಗಣನೀಯವಾಗಿ ಕಡಿಮೆ ವಿದ್ಯುತ್ ಬಳಸಿತು. ಯಾವುದು ಮೇಲು ಎಂದು ವಾದಿಸುತ್ತ ಕೂರದೆ ಪಕ್ಕಪಕ್ಕದಲ್ಲಿಟ್ಟು ಅಳೆದ ಈ ಕ್ರಮ ನನಗೆ ಬಹಳ ಹಿಡಿಸಿದೆ. ಕೇಂದ್ರದ ಉಜಾಲಾ ಯೋಜನೆಯಲ್ಲಿ ಎಲ್‌ಇಡಿ ಬಲ್ಬನ್ನು ಒಟ್ಟಿಗೆ ಭಾರಿ ಪ್ರಮಾಣದಲ್ಲಿ ಖರೀದಿಸಿದ್ದರಿಂದ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಬಂತು. ಬೆಳಕು ಕಡಿಮೆಯಾಗಲಿಲ್ಲ.

ಒಂದೇ ಕ್ರಮ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು ಎಂಬುದಕ್ಕೆ ನಮ್ಮ ಸಾರಿಗೆ ನಿಗಮಗಳ ಡಿಪೊಗಳನ್ನು ನೋಡಬೇಕು. ಅಲ್ಲಿ ಪ್ರತಿ ಚಾಲಕನ ಹೆಸರಿನ ಮುಂದೆ ಕೆಎಂಪಿಎಲ್ ಬರೆಯುತ್ತಾರೆ, ಅಂದರೆ ಒಂದು ಲೀಟರ್ ಡೀಸೆಲ್‌ಗೆ ಬಸ್ಸು ಓಡಿದ ಕಿಲೋಮೀಟರು. ದಿನಕ್ಕೆ 400 ಕಿಲೋಮೀಟರ್ ಓಡುವ ಬಸ್ಸಿನಲ್ಲಿ ಅದು 5ರಿಂದ 5.2ಕ್ಕೆ ಏರಿದರೆ ಮೂರು ಲೀಟರ್ ಉಳಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಎಂಟು ಸಾವಿರ ಬಸ್ಸುಗಳ ನಿಗಮಕ್ಕೆ ದಿನಕ್ಕೆ ಸುಮಾರು 22 ಲಕ್ಷ. ಇದನ್ನು ಸಾಧಿಸಲು ಎರಡು ದಾರಿಗಳಿವೆ. ಟೈರಿನ ಗಾಳಿ, ಇಂಜೆಕ್ಟರ್, ಕ್ಲಚ್ಚು, ಬ್ರೇಕು ಹಿಡಿದುಕೊಳ್ಳುವುದನ್ನು ಮೆಕ್ಯಾನಿಕ್ ಸರಿಪಡಿಸಿ, ಹದವಾಗಿ ಗೇರು ಬದಲಿಸುವುದನ್ನು ಚಾಲಕನಿಗೆ ಕಲಿಸುವುದು ಒಂದು. ಹಳೆಯ ಬಸ್ಸು ಕೊಟ್ಟು, ಮೆಕ್ಯಾನಿಕ್ ಹುದ್ದೆ ಖಾಲಿ ಬಿಟ್ಟು, ಅಂಕಿ ಇಳಿದಾಗ ಚಾಲಕನಿಗೆ ನೋಟಿಸು ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಅವನು ಘಾಟಿ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವ ಆಸೆಗೆ ಬಿದ್ದರೆ, ಐವತ್ತು ಪ್ರಯಾಣಿಕರ ಜೀವ ಆ ಮೂರು ಲೀಟರಿಗೆ ಒತ್ತೆಯಾಗುತ್ತದೆ.

ಹೆಚ್ಚುವರಿ ಎಂದು ಕಾಣುವುದೆಲ್ಲ ದುಂದಲ್ಲ ಎಂಬುದೂ ಇತ್ತೀಚೆಗೆ ನಮಗೆ ಮನದಟ್ಟಾಗಿದೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಇಳಿಸುವಿಕೆಗೆ ಮಿತಿ ಹಾಕಿದ ನಿಯಮ ಬರುತ್ತದೆಂದು ವಿಮಾನಯಾನ ಕಂಪನಿಗಳಿಗೆ 2024ರ ಜನವರಿಯಿಂದಲೇ ಗೊತ್ತಿತ್ತು. ಅದು ಪೂರ್ಣವಾಗಿ ಜಾರಿಯಾದ ಮರುತಿಂಗಳು, 2025ರ ಡಿಸೆಂಬರ್ 5ರ ಒಂದೇ ದಿನ, ಬಿಗಿಯಾದ ಸಿಬ್ಬಂದಿ ಲೆಕ್ಕದಲ್ಲಿ ನಡೆಯುತ್ತಿದ್ದ ಇಂಡಿಗೊದ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಬೆಂಗಳೂರು ನಿಲ್ದಾಣದಲ್ಲಿ ಜನ ನೆಲದ ಮೇಲೆ ರಾತ್ರಿ ಕಳೆದರು. ಇದಕ್ಕೆ ಎದುರಾಗಿ ಟೊಯೊಟಾವನ್ನು ನೋಡಿ. ದಾಸ್ತಾನೇ ಇರಬಾರದೆಂಬ ಪದ್ಧತಿಯನ್ನು ಜಗತ್ತಿಗೆ ಕಲಿಸಿದ್ದೇ ಅದು. 2011ರ ಸುನಾಮಿಯಲ್ಲಿ ಪೆಟ್ಟು ತಿಂದ ಮೇಲೆ, ಚಿಪ್‌ಗಳ ಮಟ್ಟಿಗೆ ಎರಡರಿಂದ ಆರು ತಿಂಗಳ ದಾಸ್ತಾನು ಇಡುವಂತೆ ಪೂರೈಕೆದಾರರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಕೊರತೆಯಿಂದ ಬೇರೆ ಕಂಪನಿಗಳ ಕಾರ್ಖಾನೆಗಳು ನಿಂತಾಗ ಟೊಯೊಟಾದವು ಬಹಳ ಕಾಲ ನಡೆದವು.

ಸರ್ಕಾರಿ ಖರೀದಿಯಲ್ಲೂ ಈ ತಿಳಿವಳಿಕೆ ನಿಧಾನವಾಗಿ ಬರುತ್ತಿದೆ. ಅತಿ ಕಡಿಮೆ ದರ ಕೂಗಿದವನಿಗೇ ಟೆಂಡರ್ ಎಂಬ ಹಳೆಯ ನಿಯಮವನ್ನು ಕೇಂದ್ರ 2021ರ ಅಕ್ಟೋಬರ್‌ನಲ್ಲಿ ಸ್ವಲ್ಪ ಸಡಿಲಿಸಿ, ಕೆಲವು ಕಾಮಗಾರಿಗಳಲ್ಲಿ ಗುಣಮಟ್ಟಕ್ಕೂ ಶೇ 30ರವರೆಗೆ ತೂಕ ಕೊಡಬಹುದು ಎಂದಿತು. ನಮ್ಮ ಊರಿನ ರಸ್ತೆಗಳಿಗೆ ಪ್ರತಿ ಮಳೆಗಾಲದ ನಂತರ ಮತ್ತೆ ಡಾಂಬರು ಹಾಕಿಸುತ್ತಿರುವವರಿಗೆ ಈ ಬದಲಾವಣೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಷ್ಟನ್ನೂ ಮುಂದಿಟ್ಟುಕೊಂಡು ನಾನು ಮುಟ್ಟಿರುವ ತೀರ್ಮಾನ ಹೀಗಿದೆ. ಕೆಲಸದ ಒಳಹೊಕ್ಕು, ಮಾಡುವವರನ್ನೇ ಕೇಳಿ, ಬೇಡದ ಹೆಜ್ಜೆಯನ್ನು ತೆಗೆದಾಗ ಹಣ ಉಳಿಯುತ್ತದೆ, ಉಳಿದದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಮೇಲಿನಿಂದ ಎಲ್ಲರಿಗೂ ಶೇಕಡ ಇಷ್ಟು ಎಂದು ಹಾಕಿದ ಕಡಿತದಲ್ಲಿ ದುಂದು ಹೋಗುವ ಮೊದಲೇ ಅಗತ್ಯದ್ದು ಹೋಗುತ್ತದೆ. ಎದುರು ಮಾತಾಡದವು ಮೊದಲು ಬಲಿಯಾಗುತ್ತವೆ, ಅಂದರೆ ದುರಸ್ತಿ, ತರಬೇತಿ, ತಪಾಸಣೆ ಮತ್ತು ಗುತ್ತಿಗೆಯವರ ಕೂಲಿ.

ಆದ್ದರಿಂದ ಮಿತವ್ಯಯದ ಆದೇಶಗಳಿಗೆ ಸಹಿ ಹಾಕುವ ಹಣಕಾಸು ಅಧಿಕಾರಿಗಳಲ್ಲಿ, ಆಡಳಿತ ಮಂಡಳಿಯ ಸದಸ್ಯರಲ್ಲಿ ನನ್ನದೊಂದು ವಿನಂತಿ. ಯಾವ ಕೆಲಸ ನಿಲ್ಲುತ್ತದೆ, ಅದನ್ನು ಇನ್ನು ಮುಂದೆ ಯಾರು ಮಾಡುತ್ತಾರೆ, ಮೂರು ವರ್ಷದ ನಂತರ ಈ ಉಳಿತಾಯವನ್ನು ಯಾರು ಮತ್ತೆ ಲೆಕ್ಕ ಹಾಕುತ್ತಾರೆ ಎಂಬ ಮೂರು ಸಾಲುಗಳನ್ನು ಅದೇ ಆದೇಶದಲ್ಲಿ ಬರೆಯಿರಿ. ಮಹಾಲೇಖಪಾಲರ ತಂಡಗಳು ಅನಗತ್ಯ ಖರ್ಚನ್ನು ಎತ್ತಿ ತೋರಿಸುವಷ್ಟೇ ಕಟ್ಟುನಿಟ್ಟಾಗಿ ಅನಗತ್ಯ ಉಳಿತಾಯವನ್ನೂ ಎತ್ತಿ ತೋರಿಸಲಿ. ಓದುಗರೂ ಅಷ್ಟೆ: ನಿಮ್ಮ ಸಹಕಾರಿ ಸಂಘದ, ಶಾಲೆಯ, ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಈ ವರ್ಷ ಇಷ್ಟು ಉಳಿಸಿದೆವು ಎಂಬ ವರದಿ ಓದಿದಾಗ, ಚಪ್ಪಾಳೆ ತಟ್ಟುವ ಮೊದಲು ಎದ್ದು ನಿಂತು ಈ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.